ಬೆಳಗಾಗೋ ತರ ಬೇಕು ಸರ್

ಸಿನಿಮಾಗಳಿಗೆ ಆರ್ಕೆಸ್ಟ್ರಾ ಅರೇಂಜ್ ಮಾಡುವುದು ನನ್ನ ಕೆಲಸ. ಸಂಗೀತ ನಿರ್ದೇಶಕರು ಕೀಬೋರ್ಡ್‌ನಲ್ಲಿ ಒಂದು ಟ್ಯೂನ್ ನುಡಿಸಿ ಕೊಡುತ್ತಾರೆ. ಅದನ್ನು ಯಾವ ವಾದ್ಯ ನುಡಿಸಬೇಕು, ಎಷ್ಟು ಜನ ನುಡಿಸಬೇಕು, ಯಾವ ಸ್ಥಾಯಿಯಲ್ಲಿ, ಅಷ್ಟು ಹೊತ್ತು ಉಳಿದವರು ಏನು ಮಾಡುತ್ತಿರಬೇಕು ಅಂತ ಕೂತು ಬರೆಯುವವನು ನಾನು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಲ ಬಂದ ಬೇಡಿಕೆ ಅಂದರೆ, "ಬೆಳಗಾಗೋ ತರ ಬೇಕು ಸರ್." ಒಬ್ಬ ನಿರ್ದೇಶಕರಂತೂ ಮಂಜು ಕವಿದ ಕಾಡಿನ ಶಾಟ್ ಹಾಕಿ, "ಇಲ್ಲಿ ಸ್ವಲ್ಪ ಗ್ರೀನ್ ಆಗಿರಲಿ" ಅಂದಿದ್ದರು. ಹಸಿರು ಯಾವ ಸ್ವರದಲ್ಲಿದೆ ಅಂತ ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ.

ಶುರುವಿನಲ್ಲಿ ಇಂಥ ಮಾತು ಕೇಳಿದ ಕೂಡಲೇ ನಾನು ವಾದ್ಯ ಸೇರಿಸುತ್ತಿದ್ದೆ. ಫ್ಲೂಟ್ ಇರಲಿ, ಹಾರ್ಪ್ ಇರಲಿ, ಹಾರ್ನ್ ಇಲ್ಲದೆ ಸೂರ್ಯ ಹುಟ್ಟುತ್ತಾನಾ, ಅದೂ ಇರಲಿ, ಕೆಳಗೆ ಸ್ಟ್ರಿಂಗ್ಸ್ ದಪ್ಪವಾಗಿ ಇರಲಿ. ರೆಕಾರ್ಡಿಂಗ್ ಆಗಿ ಕೇಳಿದರೆ ಯಾವ ಬೆಳಗೂ ಇಲ್ಲ. ಎಲ್ಲ ಬಣ್ಣ ಕಲಸಿದರೆ ಕೊನೆಗೆ ಕೆಸರಿನ ಬಣ್ಣ ಉಳಿಯುತ್ತೆ ಅಲ್ವಾ, ಹಾಗೆ.

ಆ ಚಾಳಿ ಬಿಡಿಸಿದ್ದು ಇಟಲಿಯ ಸಂಗೀತ ರಚನಕಾರ ಒಟ್ಟೊರಿನೊ ರೆಸ್ಪೀಗಿ. 1879ರಲ್ಲಿ ಬೊಲೋನ್ಯದಲ್ಲಿ ಹುಟ್ಟಿ 1936ರಲ್ಲಿ ರೋಮ್‌ನಲ್ಲಿ ತೀರಿಕೊಂಡವರು. ವಯಲಿನ್ ಮತ್ತು ವಯೋಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ತುಸು ತಗ್ಗು) ನುಡಿಸುತ್ತಿದ್ದರು. 1900ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ವಯೋಲಾ ವಾದಕರಾಗಿಯೇ ಹೋದರು. ಅಲ್ಲಿ ರಷ್ಯದ ಸಂಗೀತ ರಚನಕಾರ ರಿಮ್‌ಸ್ಕಿ ಕೊರ್ಸಾಕೊವ್ ಹತ್ತಿರ ಕೆಲವು ತಿಂಗಳು ಪಾಠ ಹೇಳಿಸಿಕೊಂಡರು. ಆರ್ಕೆಸ್ಟ್ರಾದಿಂದ ಬಣ್ಣ ತೆಗೆಯುವ ವಿದ್ಯೆಯಲ್ಲಿ ಆ ಕಾಲಕ್ಕೆ ಅವರಿಗಿಂತ ದೊಡ್ಡ ಮೇಷ್ಟ್ರು ಸಿಗುವುದು ಕಷ್ಟವಿತ್ತು. ನನ್ನ ಪ್ರಕಾರ ವಯೋಲಾ ನುಡಿಸಿದ್ದೂ ಅಷ್ಟೇ ಮುಖ್ಯ. ವಯೋಲಾದವರು ಆರ್ಕೆಸ್ಟ್ರಾದ ನಟ್ಟನಡುವೆ ಕೂರುತ್ತಾರೆ, ಮುಖ್ಯ ರಾಗ ಅವರಿಗೆ ಸಿಗುವುದು ಕಡಿಮೆ, ಹಾಗಾಗಿ ಪಕ್ಕದವರು, ಹಿಂದಿನವರು ಏನು ನುಡಿಸುತ್ತಿದ್ದಾರೆ ಅನ್ನೋದು ಚೆನ್ನಾಗಿ ಕಿವಿಗೆ ಬೀಳುತ್ತೆ.

1913ರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ರೋಮ್‌ಗೆ ಬಂದರು. 1916ರಲ್ಲಿ 'ರೋಮ್‌ನ ಕಾರಂಜಿಗಳು' ಬರೆದು ಮುಗಿಸಿದರು. ನಾಲ್ಕು ಕಾರಂಜಿ, ದಿನದ ನಾಲ್ಕು ಹೊತ್ತು: ವಾಲೆ ಜೂಲಿಯಾದಲ್ಲಿ ನಸುಕು, ಟ್ರೈಟನ್ ಕಾರಂಜಿಯಲ್ಲಿ ಬೆಳಗ್ಗೆ, ಟ್ರೇವಿಯಲ್ಲಿ ಮಧ್ಯಾಹ್ನ, ವಿಲ್ಲಾ ಮೆಡಿಚಿಯಲ್ಲಿ ಸೂರ್ಯ ಮುಳುಗುವ ಹೊತ್ತು. ಎಲ್ಲ ಸೇರಿ ಕಾಲು ಗಂಟೆ, ಸ್ವಲ್ಪ ಜಾಸ್ತಿ. 1917ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ಮೊದಲ ಸಲ ನುಡಿಸಿದಾಗ ಜನ ಅಷ್ಟಾಗಿ ಮೆಚ್ಚಲಿಲ್ಲ. ಮರುವರ್ಷ ಹೆಸರಾಂತ ಕಂಡಕ್ಟರ್ ಟೋಸ್ಕನೀನಿ ಮಿಲಾನ್‌ನಲ್ಲಿ ನಡೆಸಿಕೊಟ್ಟ ಮೇಲೆ ಹೆಸರು ಬಂತು.

ಆ ನಸುಕಿನ ಭಾಗ ಕೇಳಿ. ಸೂರ್ಯ ಬಂದ ಅಂತ ಯಾರೂ ಕೂಗುವುದಿಲ್ಲ. ವಯಲಿನ್‌ಗಳಿಗೆ ಮ್ಯೂಟ್ ಹಾಕಿದೆ, ಅಂದರೆ ತಂತಿ ಕೂರುವ ಕುದುರೆಯ ಮೇಲೆ ಒಂದು ಸಣ್ಣ ಕ್ಲಿಪ್ಪು. ಅದರಿಂದ ದನಿಯ ಹೊಳಪು ಹೋಗಿ ಮಬ್ಬಾಗುತ್ತೆ. ಸೆಕೆಂಡ್ ವಯಲಿನ್‌ನವರು ಮೆಲ್ಲಗೆ ಅಲೆಯ ಹಾಗೆ ಹಿಂದೆ ಮುಂದೆ ಆಡುತ್ತಿರುತ್ತಾರೆ, ಅದರ ಮೇಲೆ ಒಂಟಿ ಓಬೋ, ನಮ್ಮ ಶಹನಾಯಿ ತರ ಊದುವ ವಾದ್ಯ. ರೆಸ್ಪೀಗಿ ಮನಸ್ಸಿನಲ್ಲಿದ್ದದ್ದು ಮಂಜಿನಲ್ಲಿ ದನಗಳು ಹಾದುಹೋಗುವ ಚಿತ್ರ. ಇದು ಮುಗಿಯುತ್ತಿದ್ದಂತೆ ಹಾರ್ನ್‌ಗಳು ಥಟ್ಟನೆ ಕೂಗುತ್ತವೆ, ಇಡೀ ಆರ್ಕೆಸ್ಟ್ರಾ ನಡುಗಿದಂತೆ ಮಿಣುಗುತ್ತೆ, ಟ್ರೈಟನ್ ಕಾರಂಜಿ ಬಂತು. ಆ ಹಾರ್ನ್‌ಗೆ ಅಷ್ಟು ಬಿಸಿಲು ಬಂದಿದ್ದು ಹೇಗೆ? ಅದಕ್ಕೂ ಮೊದಲು ಅಷ್ಟು ಹೊತ್ತು ಮಬ್ಬು ಇಟ್ಟಿದ್ದರಿಂದ. ನಾನು ನನ್ನ ಸೂರ್ಯೋದಯಗಳಲ್ಲಿ ಮಾಡುತ್ತಿದ್ದ ತಪ್ಪು ಇದೇ, ಮೊದಲ ಸೆಕೆಂಡಿಗೇ ಎಲ್ಲ ಲೈಟು ಹಾಕಿಬಿಡುತ್ತಿದ್ದೆ.

ಇದೇ ಯುಕ್ತಿಯನ್ನು ಇನ್ನೂ ದೊಡ್ಡದಾಗಿ ಮಾಡಿರುವುದು 1924ರ 'ರೋಮ್‌ನ ಪೈನ್ ಮರಗಳು' ಕೃತಿಯಲ್ಲಿ. ಮೊದಲ ಭಾಗ ವಿಲ್ಲಾ ಬೊರ್ಗೇಸೆ ತೋಟ, ಮರಗಳ ಕೆಳಗೆ ಮಕ್ಕಳು ಕುಣಿಯುತ್ತ, ಸಿಪಾಯಿ ಆಟ ಆಡುತ್ತ ಗಲಾಟೆ ಮಾಡುತ್ತಿದ್ದಾರೆ. ಇದಕ್ಕೆ ಬೇಕಾದ ಮಕ್ಕಳ ಹಾಡುಗಳನ್ನು ಅವರ ಹೆಂಡತಿ ಎಲ್ಸಾ ಹಾಡಿ ತೋರಿಸಿದ್ದರು, ಆಕೆಯೂ ಹಾಡುಗಾರ್ತಿ, ಸಂಗೀತ ಬರೆಯುತ್ತಿದ್ದವರು. ಇಷ್ಟೆಲ್ಲ ಗದ್ದಲ ಇದ್ದರೂ ಈ ಭಾಗದಲ್ಲಿ ಡಬಲ್ ಬೇಸ್‌ನವರಿಗೆ, ಅಂದರೆ ತಂತಿ ವಾದ್ಯಗಳಲ್ಲೇ ಅತಿ ತಗ್ಗಿನ ಸ್ವರ ನುಡಿಸುವವರಿಗೆ, ಕೆಲಸವೇ ಇಲ್ಲ. ಕಮಾನು ಹಿಡಿದು ಸುಮ್ನೆ ನಿಂತಿರಬೇಕು. ಕೇಳುವಾಗ ನಮಗೆ ಏನೋ ಇಲ್ಲ ಅಂತ ಗೊತ್ತಾಗುವುದೂ ಇಲ್ಲ, ಬರೀ ಗಾಜಿನ ಹಾಗೆ ಪಳಪಳ ಅನ್ನಿಸುತ್ತೆ. ಆಮೇಲೆ ಒಂದು ಕ್ಷಣವೂ ಬಿಡದೆ ಎರಡನೇ ಭಾಗ, ನೆಲದಡಿಯ ಕ್ರೈಸ್ತ ಸಮಾಧಿಗಳ ಹತ್ತಿರದ ಮರಗಳು, ಮಂದ್ರದ ತಂತಿಗಳೆಲ್ಲ ಒಟ್ಟಿಗೆ ಒಳಗೆ ಬರುತ್ತವೆ. ಕಾಲ ಕೆಳಗಿನ ನೆಲ ಕುಸಿದ ಹಾಗೆ ಆಗುತ್ತೆ. ಮಂದ್ರ ಸ್ಥಾಯಿಗೆ ಆ ಆಳ ಬಂದಿದ್ದು ಮೂರು ನಿಮಿಷ ಅದನ್ನು ಮುಚ್ಚಿಟ್ಟಿದ್ದರಿಂದ. ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ಮೊದಲ ವಾರವೇ ಈ ಜಾಗ ಕೇಳಿಸುತ್ತೇನೆ. ಎಲ್ಲರೂ ಸ್ಕೋರಿನಲ್ಲಿ (ಎಲ್ಲ ವಾದ್ಯಗಳ ಸ್ವರ ಸಾಲುಸಾಲಾಗಿ ಬರೆದಿರುವ ಪುಸ್ತಕ) ಎರಡನೇ ಭಾಗವನ್ನು ಹುಡುಕುತ್ತಾರೆ, ಗುಟ್ಟು ಇರುವುದು ಮೊದಲ ಭಾಗದ ಖಾಲಿ ಸಾಲುಗಳಲ್ಲಿ.

ಕೊನೆಯ ಭಾಗ ವಿಯಾ ಆಪ್ಪಿಯಾ, ಹಳೆಯ ರೋಮನ್ ಹೆದ್ದಾರಿ. ನಸುಕಿನ ಮಂಜಿನಲ್ಲಿ ದೂರದಿಂದ ಸೈನ್ಯ ನಡೆದು ಬರುತ್ತಿದೆ. ನಮ್ಮ ಕಿವಿಗೆ ಇದು ಬೇಗ ಹತ್ತುತ್ತೆ, ಯಾಕೆಂದರೆ ಕೆಳಗೆ ಬಿ ಫ್ಲ್ಯಾಟ್ ಸ್ವರ ತಂಬೂರಿ ಶ್ರುತಿಯ ಹಾಗೆ ಬಿಡದೆ ಹೆಜ್ಜೆ ಹಾಕುತ್ತಿರುತ್ತೆ. ಮಧ್ಯದಲ್ಲಿ ಇಂಗ್ಲಿಷ್ ಹಾರ್ನ್ (ಹೆಸರು ಹಾರ್ನ್, ಜಾತಿ ಓಬೋದ್ದು) ಒಂದು ರಾಗ ನುಡಿಸುತ್ತೆ, ಅದರ ಸ್ವರಗಳ ಜಿಗಿತ ಪೂರ್ವ ದೇಶಗಳ ಕಡೆಯದು, ಸೈನ್ಯ ಎಲ್ಲೆಲ್ಲಿ ಹೋಗಿ ಬಂತೋ ಅಲ್ಲಿಯ ಧೂಳು ಅಂಟಿಕೊಂಡ ಹಾಗೆ. ಪುರಾತನ ರೋಮನ್ನರ ಬುಕ್ಕಿನಾ ಅನ್ನುವ ಕಹಳೆ ಆರು ಬೇಕು ಅಂತ ರೆಸ್ಪೀಗಿ ಬರೆದಿದ್ದಾರೆ. ಅದೆಲ್ಲಿ ಸಿಗಬೇಕು, ಈಗ ಸಾಮಾನ್ಯವಾಗಿ ಟ್ರಂಪೆಟ್ ಜಾತಿಯ ಫ್ಲೂಗಲ್‌ಹಾರ್ನ್ ತರುತ್ತಾರೆ. ಜೊತೆಗೆ ಪೈಪ್ ಆರ್ಗನ್ನಿನಲ್ಲಿ ಕಾಲಿನಿಂದ ಒತ್ತಿ ನುಡಿಸುವ ಮಂದ್ರ ಸ್ವರ. ಫೋನ್ ಸ್ಪೀಕರಿನಲ್ಲಿ ಕೇಳಿದರೆ ಇದರಲ್ಲಿ ಅರ್ಧ ಬರುವುದೇ ಇಲ್ಲ. ಹಾಲ್‌ನಲ್ಲಿ ಕೂತರೆ ಕುರ್ಚಿ ನಡುಗಿದ್ದು ಬೆನ್ನಿಗೇ ಗೊತ್ತಾಗುತ್ತೆ.

ಇಷ್ಟು ದೊಡ್ಡ ಸದ್ದು ಮಾಡುವವರು ಚಿತ್ರಗಳ ಮುಂದೆ ನಿಂತಾಗ ಏನು ಮಾಡಿದರು ನೋಡಿ. 1927ರ 'ಬೊಟ್ಟಿಚೆಲ್ಲಿ ತ್ರಿವಳಿ', ಫ್ಲಾರೆನ್ಸ್‌ನ ಉಫೀಝಿ ಗ್ಯಾಲರಿಯಲ್ಲಿರುವ ಬೊಟ್ಟಿಚೆಲ್ಲಿಯ ಮೂರು ಚಿತ್ರಗಳ ಮೇಲೆ ಬರೆದದ್ದು: ವಸಂತ, ಮೂವರು ಜ್ಞಾನಿಗಳ ಆರಾಧನೆ, ವೀನಸ್ ಹುಟ್ಟು. ಅಮೆರಿಕದ ಸಂಗೀತ ಪೋಷಕಿ ಎಲಿಜಬೆತ್ ಸ್ಪ್ರೇಗ್ ಕೂಲಿಜ್ ಅವರಿಗೆ ಅರ್ಪಣೆ. ಇಲ್ಲಿ ಟ್ರಾಂಬೋನ್ ಇಲ್ಲ, ಟ್ಯೂಬಾ ಇಲ್ಲ. ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ಒಂದೊಂದೇ. ಜೊತೆಗೆ ಹಾರ್ಪ್, ಪಿಯಾನೊ, ಚೆಲೆಸ್ಟಾ (ಗೆಜ್ಜೆಯಂಥ ದನಿಯ ಸಣ್ಣ ಕೀಬೋರ್ಡ್ ವಾದ್ಯ), ತಂತಿ ವಾದ್ಯಗಳು. ನಮ್ಮ ಸಿನಿಮಾ ಬಜೆಟ್‌ಗೂ ಆಗುವಂಥದ್ದು! ವೀನಸ್ ಭಾಗದಲ್ಲಿ ತಂತಿಗಳು ಒಂದೇ ತೂಗುವ ಲಯವನ್ನು ಶುರುವಿನಿಂದ ಹಿಡಿದಿರುತ್ತವೆ, ಕಪ್ಪೆಚಿಪ್ಪು ನೀರಿನ ಮೇಲೆ ತೇಲುತ್ತ ಹತ್ತಿರ ಬಂದ ಹಾಗೆ ಅದು ನಿಧಾನಕ್ಕೆ ಉಬ್ಬಿ, ಒಮ್ಮೆ ತುಂಬಿ, ಮತ್ತೆ ಇಳಿದು ಹೋಗುತ್ತೆ. ಬೊಟ್ಟಿಚೆಲ್ಲಿ ಚಿತ್ರದಲ್ಲಿ ಗೆರೆ ತೆಳು, ಬಣ್ಣ ತಿಳಿ. ಸಂಗೀತವೂ ಹಾಗೇ ಇದೆ. ರೆಸ್ಪೀಗಿ ಅಂದರೆ ಬರೀ ಆರ್ಭಟ ಅನ್ನುವವರಿಗೆ ನಾನು ಕೊಡುವ ಉತ್ತರ ಈ 20 ನಿಮಿಷ.

ಆರ್ಭಟ ಇಲ್ಲವೇ ಇಲ್ಲ ಅಂತಲ್ಲ. 1928ರ 'ರೋಮನ್ ಹಬ್ಬಗಳು' ನನಗೆ ಜಾಸ್ತಿಯಾಯಿತು ಅನ್ನಿಸುತ್ತೆ, ಜಾತ್ರೆಯಲ್ಲಿ ನಾಲ್ಕು ಮೈಕ್ ಒಟ್ಟಿಗೆ ಹಾಕಿದ ಹಾಗೆ. ಮತ್ತೆ, ಮುಸೊಲಿನಿ ಕಾಲದಲ್ಲಿ ರೋಮನ್ ಸೈನ್ಯದ ವೈಭವ ಬರೆದದ್ದನ್ನು ಜನ ಇವತ್ತಿಗೂ ಅನುಮಾನದಿಂದ ನೋಡುತ್ತಾರೆ. ಆ ಅನುಮಾನ ತಪ್ಪು ಅಂತ ನಾನು ಹೇಳುವುದಿಲ್ಲ.

ಆದರೆ ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು 'ಚರ್ಚಿನ ಕಿಟಕಿಗಳು'. ಬಣ್ಣದ ಗಾಜಿನ ನಾಲ್ಕು ಕಿಟಕಿಗಳು, ಈಜಿಪ್ಟಿಗೆ ಪಲಾಯನ, ದೇವದೂತ ಮೈಕೇಲ್, ಸಂತ ಕ್ಲಾರಾ, ಸಂತ ಗ್ರೆಗರಿ. ಮೈಕೇಲ್ ಭಾಗದ ಕೊನೆಯಲ್ಲಿ ದೊಡ್ಡ ಗಾಂಗ್‌ಗೆ, ಅಂದರೆ ಜಾಗಟೆಗೆ, ಒಂದು ಏಟು ಬೀಳುತ್ತೆ, ಸೈತಾನ ಸ್ವರ್ಗದಿಂದ ಬಿದ್ದ ಅಂತ ಕಣ್ಣಿಗೆ ಕಟ್ಟುತ್ತೆ. ಆದರೆ ಆ ಕಿಟಕಿಗಳು ಯಾವ ಚರ್ಚಿನಲ್ಲೂ ಇರಲಿಲ್ಲ. ಇವುಗಳಲ್ಲಿ ಮೂರು ಭಾಗ, ಚರ್ಚಿನ ಹಳೆಯ ಗ್ರೆಗೋರಿಯನ್ ಪ್ರಾರ್ಥನೆ ಹಾಡುಗಳ ಧಾಟಿಯಲ್ಲಿ 1919ರಲ್ಲಿ ಬರೆದ ಪಿಯಾನೊ ತುಣುಕುಗಳು. ಆಮೇಲೆ ಅವನ್ನು ಆರ್ಕೆಸ್ಟ್ರಾಗೆ ಹೊಂದಿಸಿ, ನಾಲ್ಕನೆಯದು ಸೇರಿಸಿ, ಎಲ್ಲ ಆದ ಮೇಲೆ ಗೆಳೆಯ ಕ್ಲಾಡಿಯೊ ಗ್ವಾಸ್ಟಾಲ್ಲಾ ಜೊತೆ ಕೂತು ಯಾವುದಕ್ಕೆ ಯಾವ ಕಿಟಕಿ ಅಂತ ಹೆಸರಿಟ್ಟರು. ಗಾಂಗ್ ಏಟು ಮೊದಲು, ಸೈತಾನ ಆಮೇಲೆ. ಇದು ಗೊತ್ತಾದ ದಿನ ನನಗೆ ಮೋಸ ಹೋದ ಹಾಗಾಯಿತು, ಮರುದಿನ ಭಾರ ಇಳಿದ ಹಾಗಾಯಿತು. ಹಸಿರನ್ನು ಸ್ವರದಲ್ಲಿ ಹುಡುಕಬೇಕಿಲ್ಲ, ಅದು ಪರದೆ ಮೇಲೆ ಹೇಗೂ ಇದೆ. ನಾನು ನೋಡಬೇಕಾದದ್ದು ದನಿ ಮಬ್ಬೋ ಹೊಳಪೋ, ನೆಲ ಇದೆಯೋ ಇಲ್ಲವೋ, ಹತ್ತಿರವೋ ದೂರವೋ, ಇಷ್ಟೇ.

ಹಾಗಾದರೆ ನಿಜವಾದ ಹಕ್ಕಿಯೇ ಬೇಕಾದರೆ? ಪೈನ್ ಮರಗಳ ಮೂರನೇ ಭಾಗ, ಜಾನಿಕೊಲೊ ಗುಡ್ಡದ ಮೇಲೆ ಬೆಳದಿಂಗಳು, ಒಂಟಿ ಕ್ಲಾರಿನೆಟ್. ಕೊನೆಯಲ್ಲಿ ನೈಟಿಂಗೇಲ್ ಹಾಡುತ್ತೆ. ಅದನ್ನು ಯಾವ ವಾದ್ಯಕ್ಕೂ ಕೊಡದೆ, ಹಕ್ಕಿಯ ದನಿ ಇರುವ ಗ್ರಾಮಫೋನ್ ಪ್ಲೇಟನ್ನೇ ಹಾಕಬೇಕು ಅಂತ ಸ್ಕೋರಿನಲ್ಲಿ ಪ್ಲೇಟಿನ ನಂಬರ್ ಸಮೇತ ಬರೆದಿದ್ದಾರೆ. 1924ರಲ್ಲಿ! ಇವತ್ತು ನಾವು ಸ್ಟುಡಿಯೊದಲ್ಲಿ ಲ್ಯಾಪ್‌ಟಾಪಿನಿಂದ ಹಕ್ಕಿ ಎಳೆದು ಟ್ರ್ಯಾಕ್‌ಗೆ ಹಾಕುವುದರ ಮೂಲಪುರುಷ ಅನ್ನಬಹುದು. ನನ್ನ ಒಬ್ಬ ವಿದ್ಯಾರ್ಥಿ ಇದನ್ನು ಕೇಳಿ, "ಹಾಗಾದ್ರೆ ಫ್ಲೂಟ್ ಯಾಕೆ ಬರೀಬೇಕು ಸರ್, ಸ್ಯಾಂಪಲ್ ಹಾಕಿದ್ರೆ ಆಯ್ತಲ್ಲ" ಅಂದ. ನಾನು ಉತ್ತರ ಹೇಳಲಿಲ್ಲ. ಪೈನ್ ಮರಗಳಾಗಿ ನಾಲ್ಕು ವರ್ಷಕ್ಕೆ, 1928ರಲ್ಲಿ, ಇದೇ ರೆಸ್ಪೀಗಿ ಬರೆದ 'ಹಕ್ಕಿಗಳು' ಹಾಕಿ ಕೇಳಿಸಿದೆ. ಅದರಲ್ಲೂ ಒಂದು ನೈಟಿಂಗೇಲ್ ಇದೆ, ಪ್ಲೇಟ್ ಇಲ್ಲ, ಫ್ಲೂಟ್ ನುಡಿಸುತ್ತೆ. ಹುಡುಗ ಎರಡು ಸಲ ಕೇಳಿದ, ಹೆಡ್‌ಫೋನ್ ತೆಗೆದ, "ಇದು ಹಕ್ಕಿ ತರ ಇಲ್ವಲ್ಲ ಸರ್" ಅಂದ, ಮತ್ತೆ ಹೆಡ್‌ಫೋನ್ ಹಾಕಿಕೊಂಡು ಮೂರನೇ ಸಲ ಕೇಳಲು ಶುರು ಮಾಡಿದ.