ಕಣ್ಣಲ್ಲೇ ಕುಗ್ಗುವ ಚಿತ್ರ

ಉಗುರಿಗಿಂತ ಚಿಕ್ಕದೊಂದು ಕ್ಯಾಮೆರಾ ಸೆನ್ಸರನ್ನು ಖಾಲಿ ಗೋಡೆಯತ್ತ ಹಿಡಿದು ಫೋಟೊ ತೆಗೆದೆ. ಫೈಲ್ ಪುಟ್ಟದಾಗಿ ಬಂತು. ಎಲೆ ತುಂಬಿದ ಮರದತ್ತ ತಿರುಗಿಸಿದೆ. ಫೈಲ್ ಹಲವು ಪಟ್ಟು ಉಬ್ಬಿತು, ಚಿತ್ರದ ಕೆಳಗಿನ ಕಾಲುಭಾಗ ಬರೀ ಬೂದುಬಣ್ಣ. ಪಿಕ್ಸೆಲ್‌ಗಳ ಲೆಕ್ಕ ಎರಡರಲ್ಲೂ ಒಂದೇ. ಸೆನ್ಸರ್ ಕೆಟ್ಟಿರಲಿಲ್ಲ, ಫೋಟೊ ಹಿಡಿಸಲು ನಾನು ಕಾದಿರಿಸಿದ್ದ ಮೆಮೊರಿ ಸಾಲಲಿಲ್ಲ, ಅಷ್ಟೆ. ಚಿತ್ರವನ್ನು ತನ್ನೊಳಗೇ ಜೆಪೆಗ್ ಆಗಿ ಕುಗ್ಗಿಸಿ ಹೊರಬಿಡುವ ಜಾತಿಯ ಚಿಪ್ ಅದು.

ಹೀಗೆ ಕುಗ್ಗಿಸುವ ಗರಜು ಏಕೆ? 1600×1200 ಪಿಕ್ಸೆಲ್‌ಗಳ ಚಿತ್ರ, ಪಿಕ್ಸೆಲ್‌ಗೆ 2 ಬೈಟ್‌ನಂತೆ 38.4 ಲಕ್ಷ ಬೈಟ್ ಆಗುತ್ತದೆ. ಇಂಥ ಸೆನ್ಸರ್‌ನಿಂದ ಚಿತ್ರ ಪಡೆಯಲು ಹವ್ಯಾಸಿಗಳು ಬಳಸುವ ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್‌ನ, ಅಂದರೆ ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್‌ನ, ಒಳ ಮೆಮೊರಿ 520 ಕಿಲೊಬೈಟ್. ಅಷ್ಟು ದತ್ತಾಂಶ ಅದರಲ್ಲಿ ಹಿಡಿಯುವುದೇ ಇಲ್ಲ. ಹಿಡಿಸಿದರೂ, ಚಿಪ್‌ನಿಂದ ಚಿಪ್‌ಗೆ ಬೈಟ್‌ಗಳನ್ನು ಸಾಗಿಸಲು ತಗಲುವ ವಿದ್ಯುತ್ತು ಲೆಕ್ಕ ಮಾಡುವುದಕ್ಕಿಂತ ದುಬಾರಿ.

ಆದರೆ ಸೆನ್ಸರ್‌ಗಾದರೂ ಅಷ್ಟು ಜಾಗ ಎಲ್ಲಿದೆ? ನನಗೆ ತೀರಾ ಹಿಡಿಸಿದ ಜಾಣತನ ಇಲ್ಲಿದೆ. ಸೆನ್ಸರ್ ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಜೆಪೆಗ್ ಕೂಡ ಇಡೀ ಚಿತ್ರವನ್ನು ಕೇಳುವುದಿಲ್ಲ. ಅದಕ್ಕೆ ಬೇಕಿರುವುದು 8×8 ಪಿಕ್ಸೆಲ್‌ಗಳ ಚೌಕ. ಎಂಟು ಸಾಲು ಕೂಡಿದರೆ ಸಾಕು, ಕೆಲಸ ಶುರು. ಎಂಟು ಸಾಲೆಂದರೆ 25,600 ಬೈಟ್ ಮಾತ್ರ. ಕೆಳಗಿನ ಸಾಲುಗಳು ಇನ್ನೂ ಬೆಳಕು ಹೀರುತ್ತಿರುವಾಗಲೇ ಮೇಲಿನವು ಕುಗ್ಗಿ ಹೊರಟಿರುತ್ತವೆ.

ಚೌಕದ 64 ಅಂಕಿಗಳನ್ನು ಅಲೆಗಳಾಗಿ ಬಿಡಿಸುವ ಗಣಿತವನ್ನು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ 1974ರಲ್ಲಿ ಪ್ರಕಟಿಸಿದರು. ಅದು ಚೌಕದಲ್ಲಿ ನಿಧಾನದ ಏರಿಳಿತವೆಷ್ಟು, ಚುರುಕಿನದೆಷ್ಟು ಎಂದು ವಿಂಗಡಿಸುತ್ತದೆ. ಗೋಡೆಯಲ್ಲಿ ಚುರುಕಿನದು ಬಹುತೇಕ ಸೊನ್ನೆ. ಸೊನ್ನೆಗಳ ಸಾಲನ್ನು ನಾಲ್ಕಾರು ಬಿಟ್‌ಗಳಲ್ಲಿ ಹೇಳಿ ಮುಗಿಸಬಹುದು. ಎಲೆಗಳಲ್ಲಿ ಸೊನ್ನೆ ಅಪರೂಪ. ಹಾಗಾಗಿ ಫೋಟೊದ ಫೈಲ್ ಎಷ್ಟು ಬೈಟ್ ಉದ್ದವೆಂಬುದು ಅದು ಮುಗಿದ ಮೇಲೇ ತಿಳಿಯುತ್ತದೆ. ಬರುವ ಬೈಟ್‌ಗಳನ್ನು ಎಣಿಸುತ್ತಾ ಕೂತಿದ್ದರೆ ಎಫ್‌ಎಫ್ ಡಿ8 ಎಂಬ ಬೈಟ್‌ಗಳ ಜೋಡಿ ಆರಂಭ ಸಾರುತ್ತದೆ, ಎಫ್‌ಎಫ್ ಡಿ9 ಮುಕ್ತಾಯ. ನನ್ನ ಮರದ ಫೋಟೊಗೆ ಆ ಮುಕ್ತಾಯ ಸಿಕ್ಕಿರಲೇ ಇಲ್ಲ.

ಬೆಳಕು ಹಿಡಿಯುವ ಚಿಪ್‌ನಲ್ಲೇ ಗಣಿತದ ಸರ್ಕ್ಯೂಟು ಕೂಡಿಸಲು ಸಾಧ್ಯವಾದದ್ದು ಸಿಮಾಸ್ ಸೆನ್ಸರ್‌ಗಳಿಂದ, ಅಂದರೆ ಕಂಪ್ಯೂಟರ್ ಚಿಪ್‌ಗಳ ವಿಧಾನದಲ್ಲೇ ತಯಾರಾಗುವ ಸೆನ್ಸರ್‌ಗಳಿಂದ. ಅದಕ್ಕೂ ಹಿಂದಿನ, ಸಿಸಿಡಿ ಎಂಬ ಜಾತಿಯ ಸೆನ್ಸರ್‌ಗಳನ್ನು ತಯಾರಿಸುವ ವಿಧಾನವೇ ಬೇರೆ, ಅದರಲ್ಲಿ ಇದು ಸುಲಭವಲ್ಲ. ಹಾಗೆಂದು ಸಿಮಾಸ್‌ನಲ್ಲಿ ಇದು ಪುಕ್ಕಟೆಯೂ ಅಲ್ಲ. ಲೆಕ್ಕ ಮಾಡುವ ಸರ್ಕ್ಯೂಟು ಬಿಸಿಯಾಗುತ್ತದೆ, ಬಿಸಿಯಾದ ಪಿಕ್ಸೆಲ್ ಕತ್ತಲಲ್ಲೂ ಬೆಳಕು ಕಂಡಂತೆ ಸುಳ್ಳು ಹೇಳುತ್ತದೆ.

ಜೆಪೆಗ್ ಕುಗ್ಗಿಸುವಾಗ ಚುರುಕಿನ ಏರಿಳಿತಗಳನ್ನು ಒಂದಷ್ಟು ಕತ್ತರಿಸಿ ಬಿಸಾಡುತ್ತದೆ. ಹಾಗೆ ಕಳೆದದ್ದು ಮರಳಿ ಸಿಗದು ಎಂಬುದು ಇನ್ನೂ ದೊಡ್ಡ ತಕರಾರು. ಮೂಲ ಅಂಕಿಗಳು ಚಿಪ್‌ನಿಂದ ಆಚೆಗೆ ಬಂದಿರುವುದೇ ಇಲ್ಲ. ಎಷ್ಟು ಕಟುವಾಗಿ ಕತ್ತರಿಸಬೇಕು ಎಂದು ಮೊದಲೇ ಒಂದು ಅಂಕಿ ಬರೆದುಕೊಡಬಹುದು, ಅಷ್ಟೇ ನಮ್ಮ ಕೈಯಲ್ಲಿರುವುದು. ನಾನು ಆ ಅಂಕಿಯನ್ನು ಏರಿಸಿ ಮತ್ತೆ ಮರದತ್ತ ಹಿಡಿದೆ. ಈ ಸಲ ಬುಡದವರೆಗೂ ಮರ ಬಂತು. ಹತ್ತಿರದಿಂದ ನೋಡಿದರೆ ಎಲೆಗಳಿಗಿಂತ ಚೌಕಗಳೇ ಹೆಚ್ಚು ಕಾಣುತ್ತಿದ್ದವು.