ಮೆಟಿನಾ ಬೆಟ್ಟದ ಊರುಗಳು ಮತ್ತೆ ಮತ್ತೆ ಖಾಲಿಯಾಗುವುದೇಕೆ?

ಇರಾಕ್‌ನ ಉತ್ತರ ತುದಿಯಲ್ಲಿ, ಟರ್ಕಿ ಗಡಿಯ ಪಕ್ಕದಲ್ಲೇ ಮೆಟಿನಾ ಬೆಟ್ಟಸಾಲು ಚಾಚಿಕೊಂಡಿದೆ. ಒಂದು ಬದಿಗೆ ಅಮೇದಿ ಪಟ್ಟಣ, ಗಡಿಯ ಬದಿಗೆ ಬರ್ವಾರಿ ಸೀಮೆ. ಇಲ್ಲಿನ ಹಳ್ಳಿಗಳಲ್ಲಿ ಕುರ್ದರೂ ಇದ್ದಾರೆ, ಅಸ್ಸೀರಿಯನ್ ಕ್ರೈಸ್ತರೂ ಇದ್ದಾರೆ. ಸೇಬಿಗೆ ಹೆಸರಾದ ಜಾಗ. ಆದರೆ ಎಷ್ಟೋ ಊರುಗಳಲ್ಲಿ ಈಗ ಜನರೇ ಇಲ್ಲ.

ಟರ್ಕಿ ಸೇನೆ ಮತ್ತು ಪಿಕೆಕೆ (ಕುರ್ದಿಸ್ತಾನ್ ಕಾರ್ಮಿಕರ ಪಕ್ಷ) ಎಂಬ ಕುರ್ದ್ ಬಂಡುಕೋರರ ಕಾದಾಟವೇ ಇದಕ್ಕೆ ಕಾರಣ ಎಂದು ಸುದ್ದಿಗಳಲ್ಲಿ ಓದುತ್ತೇವೆ. ಅದು ಸುಳ್ಳಲ್ಲ. ಆದರೆ ಈ ಊರುಗಳು ಖಾಲಿಯಾಗುತ್ತಿರುವುದು ಇದೇ ಮೊದಲಲ್ಲ.

ಗಡಿ ಪಕ್ಕಾ ಆಗಿದ್ದು 1926ರ ಅಂಕಾರಾ ಒಪ್ಪಂದದಲ್ಲಿ. ಈ ಬೆಟ್ಟಗಳಿದ್ದ ಮೋಸುಲ್ ಪ್ರಾಂತ್ಯ ಇರಾಕ್‌ಗೆ ಹೋಯಿತು.  ಕುರ್ದರು ಗೆರೆಯ ಎರಡೂ ಬದಿಗೆ ಹಂಚಿಹೋದರು.

ದೊಡ್ಡ ಪೆಟ್ಟು ಬಿದ್ದಿದ್ದು ಬಾಗ್ದಾದ್‌ನಿಂದಲೇ, ಅಂದರೆ ಇರಾಕ್ ಸರ್ಕಾರದಿಂದಲೇ. 1975ರಲ್ಲಿ ಇರಾನ್ ಜೊತೆ ಅಲ್ಜಿಯರ್ಸ್ ಒಪ್ಪಂದವಾಗಿ, ಇರಾನ್ ನೆರವು ನಿಂತು ಕುರ್ದರ ದಂಗೆ ಕುಸಿದ ಮೇಲೆ, ಗಡಿಯಂಚಿನ ಹಳ್ಳಿಗಳನ್ನು ತೆರವು ಮಾಡುವ ಕೆಲಸ ಶುರುವಾಯಿತು. ಬಂಡುಕೋರರಿಗೆ ಊಟ, ಆಸರೆ ಸಿಗಬಾರದು ಅಂದರೆ ಹಳ್ಳಿಯೇ ಇರಬಾರದು ಎಂಬುದು ಅಲ್ಲಿನ ಲೆಕ್ಕ. ಕುರ್ದರ ಮೇಲೆ ಸದ್ದಾಂ ಹುಸೇನ್ ಸರ್ಕಾರ ನಡೆಸಿದ 1988ರ ಅನ್ಫಾಲ್ ಕಾರ್ಯಾಚರಣೆ ಇದನ್ನು ಕೊನೆ ಮುಟ್ಟಿಸಿತು. ಇರಾನ್ ಯುದ್ಧ ನಿಂತು ಒಂದು ವಾರವೂ ಆಗಿರಲಿಲ್ಲ, ಆಗಸ್ಟ್ 25ರಂದು ಸೇನೆ ಈ ಬಾದಿನಾನ್ ಭಾಗಕ್ಕೆ ನುಗ್ಗಿತು. ವಿಷಾನಿಲ ಹಾಕಿದರು, ಮನೆಗಳನ್ನು ನೆಲಸಮ ಮಾಡಿದರು. ಹತ್ತಾರು ಸಾವಿರ ಜನ ಟರ್ಕಿಗೆ ಓಡಿದರು. ಬರ್ವಾರಿಯ ಕ್ರೈಸ್ತರ ಊರುಗಳಿಗೂ ಅದೇ ಗತಿ. ಈ ಮಾತು ಜಾಸ್ತಿ ಜನರಿಗೆ ಗೊತ್ತಿಲ್ಲ.

ಸದ್ದಾಂ ವಿರುದ್ಧ ಕುರ್ದರು 1991ರಲ್ಲಿ ಎದ್ದ ದಂಗೆಯ ನಂತರ ಜನ ವಾಪಸ್ ಬಂದು ಮನೆ ಕಟ್ಟಿಕೊಂಡರು. ಅಷ್ಟರಲ್ಲಿ ಬೆಟ್ಟಗಳಲ್ಲಿ ಪಿಕೆಕೆ ನೆಲೆಯೂರಿತ್ತು. 1984ರಿಂದ ಟರ್ಕಿ ವಿರುದ್ಧ ಹೋರಾಡುತ್ತಿದ್ದ ಸಂಘಟನೆಗೆ ಇಲ್ಲಿನ ಗುಹೆಗಳು, ಕಡಿದಾದ ಕಣಿವೆಗಳು ಹೇಳಿ ಮಾಡಿಸಿದಂತಿದ್ದವು. ಅವರನ್ನು ಬೆನ್ನಟ್ಟಿ ಟರ್ಕಿ ಸೇನೆಯೂ ಬಂತು. ಮೊದಲು ಬಂದು ಹೋಗುತ್ತಿತ್ತು, ಆಮೇಲೆ ಉಳಿಯತೊಡಗಿತು. 2021ರ ಏಪ್ರಿಲ್‌ನಲ್ಲಿ ಮೆಟಿನಾ ಮೇಲೆ, 2022ರಲ್ಲಿ ಝಾಪ್ ಕಣಿವೆಯತ್ತ ಕಾರ್ಯಾಚರಣೆ ನಡೆಯಿತು. ಎತ್ತರ ಹಿಡಿದವರಿಗೆ ಕೆಳಗಿನ ರಸ್ತೆ, ತೋಟ ಎಲ್ಲ ಕಾಣುತ್ತವೆ. ಹಾಗಾಗಿ ಬೆಟ್ಟದ ತುದಿಗಳಲ್ಲಿ ಠಾಣೆಗಳೆದ್ದವು. ಕೆಳಗೆ ಶೆಲ್ ಬಿದ್ದು ತೋಟಗಳು ಸುಟ್ಟವು. ಎಷ್ಟೋ ಕಡೆ ಊರು ಬಿಡಿ ಎಂದು ಆದೇಶ ಹೊರಡಿಸುವ ಅಗತ್ಯವೂ ಬೀಳಲಿಲ್ಲ. ಸ್ವಂತ ತೋಟಕ್ಕೆ ಹೋಗೋಕೇ ಹೆದರಿಕೆ ಅಂದರೆ ಊರಲ್ಲಿದ್ದು ಮಾಡೋದೇನು?

ಟರ್ಕಿ ಇದನ್ನು ಆತ್ಮರಕ್ಷಣೆ ಅನ್ನುತ್ತದೆ. ಬಾಗ್ದಾದ್ ವರ್ಷಗಟ್ಟಲೆ ಪ್ರತಿಭಟಿಸಿತು, ಕೊನೆಗೆ 2024ರ ಆಗಸ್ಟ್‌ನಲ್ಲಿ ಟರ್ಕಿ ಜೊತೆ ಭದ್ರತಾ ಒಪ್ಪಂದಕ್ಕೆ ಸಹಿ ಹಾಕಿತು. 2025ರ ಮೇನಲ್ಲಿ ಪಿಕೆಕೆ ತನ್ನನ್ನೇ ವಿಸರ್ಜಿಸಿಕೊಳ್ಳುವುದಾಗಿ ಹೇಳಿತು. ಜುಲೈನಲ್ಲಿ ಸುಲೈಮಾನಿಯಾ ಬಳಿ ಒಂದು ತಂಡ ಬಂದೂಕುಗಳನ್ನು ಬೆಂಕಿಗೆ ಹಾಕಿತು. ಇನ್ನೇನು, ಠಾಣೆಗಳೂ ಹೋಗಬೇಕಲ್ವಾ? ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಟರ್ಕಿ ಸಂಸತ್ತು ಇರಾಕ್‌ನಲ್ಲಿ ಸೇನೆ ಇಡುವ ಅನುಮತಿಯನ್ನು ಇನ್ನೂ 3 ವರ್ಷಕ್ಕೆ ವಿಸ್ತರಿಸಿತು.