ತೇರಿನ ಮುಂದ ಎಂಟು ದಿನಕ್ಕ

"ಕೊನೇ ಸಲ ಯಾವಾಗ ಮುಟ್ಟಾಗಿದ್ದಿ ತಂಗಿ?" ಎಂದು ಕೇಳಿದೆ. "ಗವಿಮಠದ ತೇರಿನ ಮುಂದ ಎಂಟು ದಿನಕ್ಕ ರೀ ಮೇಡಮ್" ಎಂದಳು ಕುಷ್ಟಗಿ ಕಡೆಯ ಆ ಹೆಣ್ಣುಮಗಳು. ಕ್ಯಾಲೆಂಡರ್ ತಿರುವಿ ಲೆಕ್ಕ ಹಾಕಿದೆ. ಒಂಬತ್ತು ವಾರದ ಮೇಲೆ ಎರಡು ದಿನ ಆಗಿತ್ತು.

ಗರ್ಭ ತೆಗೆಸಲೆಂದು ಹಿಂದಿನ ವಾರವೇ ಅವಳು ಬೇರೊಂದು ಆಸ್ಪತ್ರೆಗೆ ಹೋಗಿದ್ದಳು. ಹಲ್ಲು ತೋರಿಸ್ಕೊಂಡು ಬರ್ತೀನಿ ಅಂತ ಅತ್ತೆಗೆ ಹೇಳಿ, ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ. ಅವತ್ತು ಡಾಕ್ಟರು ಆಪರೇಷನ್ ಕ್ಯಾಂಪಿಗೆ ಹೋಗಿದ್ದರಂತೆ. ಚೀಟಿ ಕೊಡುವ ಕಿಟಕಿಯಲ್ಲೇ "ಮುಂದಿನ ವಾರ ಬಾ" ಎಂದು ಕಳಿಸಿದ್ದರು. ಅವತ್ತೇ ಡಾಕ್ಟರು ಸಿಕ್ಕಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತು. ಮಾತ್ರೆಯಿಂದ ಗರ್ಭ ತೆಗೆಯಲು ನಮ್ಮ ನಿಯಮದಲ್ಲಿ ಒಂಬತ್ತು ವಾರದವರೆಗೆ ಮಾತ್ರ ಅವಕಾಶ. ಈಗ ಟೇಬಲ್ ಮೇಲೆ ಮಲಗಿಸಿ ತೆಗೆಯಬೇಕಾಯಿತು. ಆ ಒಂದು ವಾರ ನೆನೆದರೆ ನನಗೆ ಇವತ್ತಿಗೂ ಸಂಕಟ.

ಅದಕ್ಕೇ ಕೇಳ್ತಿದ್ದೇನೆ, ಜಿಲ್ಲೆಗೆ ಒಂದೇ ಫೋನ್ ನಂಬರ್ ಇರಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಯಾವತ್ತು ಯಾವ ಡಾಕ್ಟರು ಇರ್ತಾರೆ, ಕ್ಯಾಂಪ್ ಯಾವತ್ತು, ಸ್ಕ್ಯಾನಿಂಗ್ ಯಾವತ್ತು ಎಂಬುದು ಫೋನ್ ಎತ್ತಿದವರ ಕಣ್ಣ ಮುಂದೆ ಇರಬೇಕು. ಒಬ್ಬರು ರಜೆ ಹಾಕಿದರೆ ಮುಂಚೆಯೇ ಫೋನ್ ಮಾಡಿ ಪಕ್ಕದ ತಾಲೂಕಿನಲ್ಲಿ ದಿನ ಕೊಡಬೇಕು. ಆ್ಯಪ್ ಆಮೇಲೆ ಬರಲಿ. ಮೊದಲು ಮಾತಾಡುವ ಮನುಷ್ಯರು ಬೇಕು.

ಮೊದಲು ಬಂದವರಿಗೆ ಮೊದಲು ಅನ್ನೋದು ಇಲ್ಲಿ ನಡೆಯುವುದಿಲ್ಲ. ಗರ್ಭ ನಿಲ್ಲದಂತೆ ಕೊಡುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ನಾಲ್ಕು ವಾರ ತಡವಾದರೂ ಕೊಡಬಹುದು. ಮಗುವಿನ ಅಂಗಾಂಗ ನೋಡುವ ಸ್ಕ್ಯಾನಿಂಗ್ 18ರಿಂದ 20 ವಾರದೊಳಗೆ ಆಗಬೇಕು, ಅಲ್ಲೂ ನಾಲ್ಕು ದಿನ ಆಚೀಚೆ ಮಾಡಬಹುದು. ಗರ್ಭ ತೆಗೆಸಬೇಕು ಎನ್ನುವ, ಎಂಟು ವಾರ ತುಂಬಿದವಳಿಗೆ ಮಾತ್ರ ನಾಳೆಯೇ ದಿನ ಕೊಡಬೇಕು. ಹಾಗಾಗಿ ಫೋನಲ್ಲಿ ಮೊದಲ ಪ್ರಶ್ನೆ ಮುಟ್ಟಿನ ದಿನದ್ದೇ ಆಗಬೇಕು. ನಮ್ಮ ಕಡೆ ಅದಕ್ಕೆ ಉತ್ತರ ಎಳ್ಳಮಾಸಿ, ನಾಗರಪಂಚಮಿ, ಊರ ಜಾತ್ರೆ ಅಂತಲೇ ಬರುತ್ತದೆ. ಆ ತಾರೀಕುಗಳ ಹಾಳೆಯೊಂದನ್ನು ಗೋಡೆಗೆ ಅಂಟಿಸಿಟ್ಟರೆ ಸಾಕು.

ಇನ್ನೊಂದು ಮಾತು. ಫೋನ್ ಬಹಳ ಮನೆಗಳಲ್ಲಿ ಗಂಡನ ಕೈಯಲ್ಲೇ ಇರುತ್ತದೆ. "ಈ ನಂಬರಿಗೆ ತಿರುಗಿ ಮಾಡಬಹುದಾ?" ಎಂದು ಕೇಳದೆ ಫೋನ್ ಮಾಡಬಾರದು. ಮೆಸೇಜಿನಲ್ಲಿ ದಿನ, ಹೊತ್ತು, ಕೋಣೆ ನಂಬರ್ ಇದ್ದರೆ ಸಾಕು. 18 ತುಂಬಿದವಳಿಗೆ ಗರ್ಭ ತೆಗೆಸಲು ಅವಳ ಸಹಿಯೊಂದೇ ಸಾಕು. 1971ರ ಗರ್ಭಪಾತ ಕಾಯ್ದೆಯಲ್ಲೇ ಇದೆ. 2021ರ ತಿದ್ದುಪಡಿಯಂತೂ ಅವಳ ಹೆಸರು, ವಿವರ ಹೊರಗೆ ಹೇಳಿದರೆ ಶಿಕ್ಷೆಯನ್ನೇ ಇಟ್ಟಿದೆ. "ಗಂಡ ಬಂದಿಲ್ವಾ?" ಎಂದು ಕೇಳುವ ಅಧಿಕಾರ ಕಿಟಕಿಯಲ್ಲಿ ಕೂತವರಿಗೆ ಇಲ್ಲ.

ಆ ಹೆಣ್ಣುಮಗಳು ಅಂತರಾ ಹಾಕಿಸಿಕೊಂಡು ಹೊರಟಳು. ಮುಂದಿನ ತಾರೀಕು ಹೇಳಿದೆ. "ತಾರೀಕು ನೆನಪಿರೂದಿಲ್ರೀ, ಯಾವ ಹಬ್ಬದ ಹೊತ್ತಿಗೆ ಅಂತ ಹೇಳ್ರಿ" ಎಂದಳು. ಚೀಟಿಯಲ್ಲಿ "ಕಾರಹುಣ್ಣಿಮೆ ಆದ ಎರಡು ದಿನಕ್ಕೆ" ಎಂದಷ್ಟೇ ಬರೆದುಕೊಟ್ಟೆ.